ಮುಟ್ಟದೆ ಬಿಟ್ಟ ಸೆಕೆಂಡ್ ಬೇಸ್

ನ್ಯೂಯಾರ್ಕ್‌ನ 155ನೇ ಸ್ಟ್ರೀಟ್ ಹತ್ತಿರ ಗುಡ್ಡದಿಂದ ಕೆಳಗಿಳಿಯೋ ಮೆಟ್ಟಿಲು ಇದು. ಕೆಳಗೆ ಸಾಲಾಗಿ ನಿಂತಿರೋ ಎತ್ತರದ ವಸತಿ ಕಟ್ಟಡಗಳು ಕಾಣ್ತಿವೆಯಲ್ಲ, ಅಲ್ಲೇ ಪೋಲೋ ಗ್ರೌಂಡ್ಸ್ ಅನ್ನೋ ಬೇಸ್‌ಬಾಲ್ ಮೈದಾನ ಇದ್ದದ್ದು. 1964ರಲ್ಲಿ ಕೆಡವಿಹಾಕಿದರು. ನಾನು ಬಂದಿರೋದು ಹತ್ತೊಂಬತ್ತು ವರ್ಷದ ಒಬ್ಬ ಹುಡುಗನಿಗೋಸ್ಕರ. ಹೆಸರು ಫ್ರೆಡ್ ಮರ್ಕಲ್.

1908ರ ಸೆಪ್ಟೆಂಬರ್. ಅಮೆರಿಕದ ಎರಡು ದೊಡ್ಡ ಬೇಸ್‌ಬಾಲ್ ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್, ಶಿಕಾಗೊ ಕಬ್ಸ್, ಪಿಟ್ಸ್‌ಬರ್ಗ್ ಪೈರೇಟ್ಸ್, ಮೂರೂ ತಂಡ ಒಂದರ ಬೆನ್ನಿಗೆ ಒಂದು. ಜೈಂಟ್ಸ್‌ಗೆ ಕ್ರಿಸ್ಟಿ ಮ್ಯಾಥ್ಯೂಸನ್ ಅನ್ನೋ ಪಿಚರ್, ಅಂದರೆ ಚೆಂಡು ಎಸೆಯೋನು, ಇದ್ದ. ಆ ಒಂದೇ ವರ್ಷ 37 ಮ್ಯಾಚ್ ಗೆದ್ದುಕೊಟ್ಟವನು. 23ನೇ ತಾರೀಖು ಇಲ್ಲೇ ಕಬ್ಸ್ ವಿರುದ್ಧ ಆಟ. ಬೇಸ್‌ಬಾಲ್‌ನಲ್ಲಿ ಚೆಂಡು ಹೊಡೆದವನು ಮೂರು ಬೇಸ್‌ಗಳನ್ನ ಒಂದೊಂದಾಗಿ ಮುಟ್ಟಿ, ಹೊಡೆದ ಜಾಗಕ್ಕೇ, ಅಂದರೆ ಹೋಮ್ ಪ್ಲೇಟ್‌ಗೆ ವಾಪಸ್ ಬಂದರೆ ಒಂದು ರನ್. ಫಸ್ಟ್ ಬೇಸ್ ಕಾಯ್ತಿದ್ದ ಹಿರಿಯ ಫ್ರೆಡ್ ಟೆನ್ನಿಗೆ ಸೊಂಟ ಹಿಡ್ಕೊಂಡಿತ್ತು. ಇಡೀ ಸೀಸನ್‌ನಲ್ಲಿ ಅವನು ತಪ್ಪಿಸಿದ್ದು ಅದೊಂದೇ ಮ್ಯಾಚು. ಆ ಜಾಗಕ್ಕೆ ಮರ್ಕಲ್ ಬಂದ.

ಕೊನೇ ಇನಿಂಗ್ಸ್, 1-1, ಜೈಂಟ್ಸ್ ಬ್ಯಾಟಿಂಗ್, ಇಬ್ಬರು ಔಟ್. ಮೂರನೆಯವನು ಔಟ್ ಆದರೆ ಸರದಿ ಮುಗೀತು. ಮರ್ಕಲ್ ಚೆನ್ನಾಗೇ ಹೊಡೆದು ಫಸ್ಟ್ ಬೇಸ್ ಸೇರಿದ, ಮುಂದಿದ್ದ ಮೆಕಾರ್ಮಿಕ್ ಮೂರನೇ ಬೇಸ್‌ಗೆ ಹೋದ. ಆಮೇಲೆ ಬ್ರಿಡ್‌ವೆಲ್ ಹೊಡೆದ, ಮೆಕಾರ್ಮಿಕ್ ಹೋಮ್ ಪ್ಲೇಟ್ ಮುಟ್ಟಿದ. ಗೆದ್ದೇಬಿಟ್ವಿ ಅಂತ ಜನ ಮೈದಾನಕ್ಕೆ ನುಗ್ಗಿದರು. ಮರ್ಕಲ್ ಸೆಕೆಂಡ್ ಬೇಸ್ ಮುಟ್ಟದೆ ಅರ್ಧ ದಾರಿಯಲ್ಲೇ ತಿರುಗಿ ಕ್ಲಬ್‌ಹೌಸ್ ಕಡೆ ಓಡಿದ. ಆ ಕಾಲದಲ್ಲಿ ಎಲ್ಲರೂ ಹಾಗೇ ಮಾಡ್ತಿದ್ದದ್ದು.

ಕಬ್ಸ್‌ನ ಜಾನಿ ಎವರ್ಸ್ ಮಾತ್ರ ಚೆಂಡಿಗಾಗಿ ಕಿರುಚ್ತಾ ಸೆಕೆಂಡ್ ಬೇಸ್ ಮೇಲೆ ನಿಂತಿದ್ದ. ಫಸ್ಟ್ ಬೇಸ್‌ನಲ್ಲಿದ್ದವನು ಸೆಕೆಂಡ್ ಬೇಸ್ ಮುಟ್ಟೋ ಮೊದಲೇ ಅಲ್ಲಿಗೆ ಚೆಂಡು ಬಂದರೆ ಅವನು ಔಟ್. ಅದು ಮೂರನೇ ಔಟ್ ಆದರೆ ರನ್ ಲೆಕ್ಕಕ್ಕಿಲ್ಲ. ಎವರ್ಸ್ ಕೈಗೆ ಬಂದದ್ದು ಅದೇ ಚೆಂಡಾ, ಬೇರೆಯದಾ? ಆ ಜಗಳ ಇವತ್ತಿಗೂ ಮುಗಿದಿಲ್ಲ. ಅಂಪೈರ್ ಹ್ಯಾಂಕ್ ಓಡೇ ಔಟ್ ಕೊಟ್ಟ, ಮ್ಯಾಚ್ ಟೈ ಆಯ್ತು.

ನನಗೆ ಹೊಟ್ಟೆ ಉರಿಯೋದು ಇಲ್ಲೇ ನೋಡಿ. ಮೂರು ವಾರ ಕೂಡ ಆಗಿರಲಿಲ್ಲ, ಸೆಪ್ಟೆಂಬರ್ 4ಕ್ಕೆ ಪಿಟ್ಸ್‌ಬರ್ಗ್‌ನಲ್ಲಿ ಇದೇ ಥರ ಆಗಿತ್ತು. ಅಂಪೈರ್ ಇದೇ ಓಡೇ, ಚೆಂಡು ಹಿಡ್ಕೊಂಡು ವಾದ ಮಾಡಿದ್ದೂ ಇದೇ ಎವರ್ಸ್. ಆವತ್ತು ಔಟ್ ಕೊಡಲಿಲ್ಲ. ರೂಲು ಪುಸ್ತಕದಲ್ಲಿತ್ತು ನಿಜ, ಆದರೆ ಅದುವರೆಗೆ ಯಾರೂ ಪಾಲಿಸದ ರೂಲಿಗೆ ಈ ಹುಡುಗನನ್ನ ಬಲಿ ಕೊಟ್ಟರು.

ಸೀಸನ್ ಮುಗಿದಾಗ ಜೈಂಟ್ಸ್, ಕಬ್ಸ್ ಸಮ ಸಮ. ಅಕ್ಟೋಬರ್ 8ಕ್ಕೆ ಅದೇ ಮ್ಯಾಚ್ ಇಲ್ಲೇ ಮತ್ತೆ ಆಡಿಸಿದರು. ಶಿಕಾಗೊದ ಪಿಚರ್ ಮೊರ್ಡೆಕೈ ಬ್ರೌನ್, ಚಿಕ್ಕಂದಿನಲ್ಲಿ ಮೇವು ಕತ್ತರಿಸೋ ಯಂತ್ರಕ್ಕೆ ಕೈ ಸಿಕ್ಕಿ ಬೆರಳು ಕಳ್ಕೊಂಡವನು, ಆ ಊನ ಕೈಯಲ್ಲೇ ಚೆಂಡು ತಿರುಗಿಸಿ ಮ್ಯಾಥ್ಯೂಸನ್‌ನನ್ನ ಸೋಲಿಸಿದ. 4-2. ಎರಡೂ ಲೀಗ್‌ಗಳ ಚಾಂಪಿಯನ್ನರು ಆಡೋ ವರ್ಲ್ಡ್ ಸೀರೀಸೂ ಕಬ್ಸ್ ಗೆದ್ದರು. ಅವರು ಮತ್ತೆ ಅದನ್ನ ಗೆದ್ದದ್ದು 2016ರಲ್ಲಿ.

ಮರ್ಕಲ್‌ಗೆ ಉಳಿದದ್ದು 'ಬೋನ್‌ಹೆಡ್' ಅನ್ನೋ ಹೆಸರು, ಮಂದಬುದ್ಧಿ ಅಂತ. ಮ್ಯಾನೇಜರ್ ಜಾನ್ ಮೆಗ್ರಾ ಮಾತ್ರ ಅವನ ಕೈ ಬಿಡಲಿಲ್ಲ, ಸಂಬಳ ಏರಿಸಿದ. ಮರ್ಕಲ್ 1926ರವರೆಗೂ ಆಡಿದ, ನಡುವೆ ಅದೇ ಕಬ್ಸ್ ತಂಡಕ್ಕೂ ಆಡಿದ.

ಆಮೇಲೆ ಎಷ್ಟೋ ವರ್ಷ ಬೇಸ್‌ಬಾಲ್ ಕಡೆ ತಲೆ ಹಾಕಲಿಲ್ಲ. 1950ರಲ್ಲಿ, ಹಳೇ ಆಟಗಾರರ ದಿನಕ್ಕೆ ಕರೆದಾಗ, ಅರವತ್ತೊಂದರ ಮರ್ಕಲ್ ಈ ಮೈದಾನಕ್ಕೇ ಬಂದ. ಹೆಸರು ಕೂಗಿದ ಕೂಡಲೇ ಜನ ಜೋರಾಗಿ ಚಪ್ಪಾಳೆ ತಟ್ಟಿದರು.