ಸೋಫಿಯಾದಲ್ಲಿ ಮೊದಲ ವಾರ

ಕೇಳುಗರಿಗೆಲ್ಲ ನಮಸ್ಕಾರ. ಬಲ್ಗೇರಿಯಾದ ರಾಜಧಾನಿ ಸೋಫಿಯಾಕ್ಕೆ ಓದಲು ಹೊರಟಿರುವ ಹುಡುಗ ಹುಡುಗಿಯರು, ಅವರ ಸೂಟ್‌ಕೇಸಿಗೆ ಇನ್ನೊಂದು ಚಟ್ನಿಪುಡಿ ಪೊಟ್ಟಣ ತುರುಕುತ್ತಿರುವ ಅಮ್ಮಂದಿರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತೇನೆ. ಅಲ್ಲಿ ಓದಿ ಬಂದವಳು ನಾನು. ಹೇಳುವುದು ಒಂದೇ ಮಾತು. ಮೊದಲ ವಾರ ಫೋನ್ ಜೇಬಿನಲ್ಲಿರಲಿ, ಕಾಲು ರಸ್ತೆಯಲ್ಲಿರಲಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಮಕ್ಕಳು ಮಾಡುವುದು ಇದರ ಉಲ್ಟಾ. ವಿಮಾನ ಇಳಿಯುತ್ತಾರೆ, ಹಾಸ್ಟೆಲ್ ಸೇರುತ್ತಾರೆ, ನಮ್ಮ ಕಡೆಯವರ ಗುಂಪು ಹುಡುಕುತ್ತಾರೆ. ಆಮೇಲೆ ಕಾಲೇಜು, ಕೋಣೆ, ಕೋಣೆ, ಕಾಲೇಜು. ಮೆಡಿಕಲ್ ಓದು ಅಲ್ಲಿ 6 ವರ್ಷ. ಆರು ವರ್ಷ ಇದ್ದು ಊರನ್ನೇ ನೋಡದೆ ಬಂದವರನ್ನು ಕಂಡಿದ್ದೇನೆ. ಸಿಟ್ಟು ಬರುತ್ತದೆ ನನಗೆ!

ದಾರಿ ತಪ್ಪುವ ಭಯ ಬೇಡ. ಊರಿನ ದಕ್ಷಿಣಕ್ಕೆ ವಿತೊಷಾ ಬೆಟ್ಟವಿದೆ. ಅದರ ತುದಿ 2,290 ಮೀಟರ್. ಆಕಾಶ ತಿಳಿಯಾಗಿದ್ದರೆ ಬೀದಿಯ ಸಂದಿಯಿಂದಲೂ ಕಾಣುತ್ತದೆ. ಬೆಟ್ಟ ಕಂಡ ಕಡೆ ದಕ್ಷಿಣ, ಅಷ್ಟೇ. ಹಳೆಯ ಊರಿನ ನಡುಭಾಗ ಚಿಕ್ಕದು, ಒಂದು ಮಧ್ಯಾಹ್ನ ಆರಾಮಾಗಿ ಸುತ್ತಬಹುದು. ಮಸೀದಿ, ಯಹೂದಿಗಳ ಸಿನಗಾಗ್, ಆರ್ಥೊಡಾಕ್ಸ್ ಚರ್ಚು, ಕ್ಯಾಥೊಲಿಕ್ ಚರ್ಚು, ನಾಲ್ಕೂ ಕೆಲವೇ ನಿಮಿಷದ ನಡಿಗೆಯಲ್ಲಿ ಸಿಗುತ್ತವೆ.

ಆ ಮಸೀದಿಯ ಹಿಂದೆ ಒಂದು ಹಳೆಯ ಸ್ನಾನಗೃಹದ ಕಟ್ಟಡವಿದೆ. ಹಳದಿ, ಕೆಂಪು ಪಟ್ಟೆಗಳ ಗೋಡೆ, ಮೇಲೆ ಗುಮ್ಮಟ. 20ನೇ ಶತಮಾನದ ಮೊದಲಲ್ಲಿ ಕಟ್ಟಿದ್ದು. ಈಗ ಒಳಗೆ ಊರಿನ ಇತಿಹಾಸದ ಮ್ಯೂಸಿಯಂ. ಆದರೆ ನನಗೆ ಬೇಕಾದದ್ದು ಒಳಗಿಲ್ಲ, ಹೊರಗಿದೆ. ಪಕ್ಕದಲ್ಲೇ ಸಾಲಾಗಿ ನಲ್ಲಿಗಳು. ಬಿಟ್ಟರೆ ಬಿಸಿನೀರು! ಕಾಯಿಸಿದ್ದಲ್ಲ, ನೆಲದೊಳಗಿಂದಲೇ ಬರುವ ಖನಿಜದ ನೀರು, 40 ಡಿಗ್ರಿಗೂ ಜಾಸ್ತಿ. ಜನ ಕ್ಯಾನು, ಬಾಟಲಿ ಹೊತ್ತು ಬಂದು ತುಂಬಿಕೊಂಡು ಹೋಗುತ್ತಾರೆ. ಕಾಸಿಲ್ಲ, ಚೀಟಿಯಿಲ್ಲ.

ನಾನು ಹೋದ ಹೊಸತು. ನನ್ನ ಜೊತೆ ಜರ್ಮನಿಯ ಒಬ್ಬಳು ಸಹಪಾಠಿ. ನಲ್ಲಿಯ ಹತ್ತಿರ ಒಬ್ಬರು ಅಜ್ಜಿ, ತಲೆಗೆ ಸ್ಕಾರ್ಫ್ ಕಟ್ಟಿದ್ದರು, ಕಾಲ ಬಳಿ ಐದು ಲೀಟರಿನ ಕ್ಯಾನುಗಳು. ನನ್ನ ಗೆಳತಿ ನೀರು ತೋರಿಸಿ, ಬಾಯಿ ತೋರಿಸಿ, ಕುಡಿಯಬಹುದಾ ಅಂತ ಸನ್ನೆ ಮಾಡಿದಳು. ಅಜ್ಜಿ ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸಿದರು. ಗೆಳತಿ ಥಟ್ಟನೆ ಬಾಟಲಿ ಹಿಂದಕ್ಕೆ ಎಳೆದುಕೊಂಡಳು. ಬೇಡ ಅಂತಿದ್ದಾರೆ, ಹೋಗೋಣ ಅಂದಳು. ಅಜ್ಜಿ ಮತ್ತೆ ತಲೆ ಆಡಿಸಿದರು, ಈ ಸಲ ಇನ್ನೂ ಜೋರಾಗಿ. ಇವಳು ಇನ್ನೂ ಎರಡು ಹೆಜ್ಜೆ ಹಿಂದೆ! ನಾನು ಮಾತ್ರ ಅಲ್ಲೇ ನಿಂತೆ. ಯಾಕೆಂದರೆ ಆ ತಲೆ ಆಡಿಸುವುದು ನನಗೆ ಗೊತ್ತಿತ್ತು. ಹಾಸನದಲ್ಲಿ ನಮ್ಮಜ್ಜಿ ಇನ್ನೊಂದು ದೋಸೆಗೆ 'ಹೂಂ, ಹಾಕು' ಅನ್ನುವುದು ಹಾಗೇ ಅಲ್ವಾ? ಬಾಟಲಿ ಚಾಚಿದೆ. ಅಜ್ಜಿ ಕಿತ್ತುಕೊಂಡು, ತೊಳೆದು, ತುಂಬಿಸಿ, ಮುಚ್ಚಳ ಬಿಗಿದು ಕೊಟ್ಟರು. ಬಾಟಲಿ ಕೈ ಸುಡುತ್ತಿತ್ತು. ಆಮೇಲೆ ಗೆಳತಿಯ ಬಾಟಲಿಯನ್ನೂ ಕೇಳಿ ಇಸಿದುಕೊಂಡರು. ಅವಳ ಮುಖ ನೋಡಬೇಕಿತ್ತು.

ಬಲ್ಗೇರಿಯಾದಲ್ಲಿ ತಲೆ ಅಡ್ಡಡ್ಡ ಆಡಿಸಿದರೆ ಹೌದು. ಗಲ್ಲ ಮೇಲಕ್ಕೆತ್ತಿದರೆ ಇಲ್ಲ, ಎಷ್ಟೋ ಸಲ ಜೊತೆಗೆ ನಾಲಿಗೆಯಲ್ಲಿ ಒಂದು 'ಲೊಚ್'. ಯುರೋಪಿನ ಬೇರೆ ಮಕ್ಕಳು ಇದಕ್ಕೆ ವಾರಗಟ್ಟಲೆ ಒದ್ದಾಡುತ್ತಾರೆ. ನಮ್ಮ ಕಡೆಯವರಿಗೆ ಏನು ಕಷ್ಟ? ನಾವೂ ಲೊಚ್ ಅನ್ನುವವರೇ. ಒಂದು ಎಚ್ಚರಿಕೆ ಮಾತ್ರ. ವಿದೇಶಿಯರ ಜೊತೆ ಕೆಲಸ ಮಾಡುವ ಅಂಗಡಿ ಹುಡುಗರು ನಿಮಗೋಸ್ಕರ ಅಂತ ಉಲ್ಟಾ ಆಡಿಸುತ್ತಾರೆ. ಆಗ ಬಾಯಿಬಿಟ್ಟು ಕೇಳಿಬಿಡಿ. ಇದೆಲ್ಲ ಯಾವ ಆ್ಯಪ್ ಹೇಳಿಕೊಡುತ್ತದೆ? ಫೋನ್ ಜೇಬಿನಲ್ಲಿರಲಿ, ಕಾಲು ರಸ್ತೆಯಲ್ಲಿರಲಿ.

ಅಯ್ಯೋ, ಗಡಿಯಾರ ಓಡುತ್ತಿದೆ. ಬೇಗ ಬೇಗ ಹೇಳುತ್ತೇನೆ.

ಮೆಟ್ರೋ 1998ರಲ್ಲಿ ಶುರುವಾಯಿತು, ವಿಮಾನ ನಿಲ್ದಾಣದವರೆಗೂ ಹೋಗುತ್ತದೆ. ಎರಡನೇ ಟರ್ಮಿನಲ್‌ನಿಂದಲೇ ಹತ್ತಿ, ಟ್ಯಾಕ್ಸಿ ಬೇಡವೇ ಬೇಡ. ಸೆರ್ದಿಕಾ ಅನ್ನುವ ನಿಲ್ದಾಣದಲ್ಲಿ ತಪ್ಪದೆ ಇಳಿಯಿರಿ. ಸುರಂಗ ಅಗೆಯುವಾಗ ರೋಮನ್ನರ ಕಾಲದ ಊರೇ ಸಿಕ್ಕಿತು. ಆಗ ಆ ಊರಿನ ಹೆಸರೂ ಸೆರ್ದಿಕಾ. ಅವರ ಬೀದಿಗಳು, ಮನೆಗಳ ಅಡಿಪಾಯ, ಎಲ್ಲ ಹಾಗೇ ಉಳಿಸಿದ್ದಾರೆ. ರೈಲು ಹಿಡಿಯುವ ಜನ ಅದರ ಪಕ್ಕದಲ್ಲೇ ಓಡಾಡುತ್ತಾರೆ. ಗಾಜಿನಾಚೆ ನಿಂತು ಇಣುಕಬೇಕಿಲ್ಲ, ಕಲ್ಲಿನ ಮೇಲೇ ನಡೆಯಬಹುದು.

ಅಕ್ಷರ. ಸಿರಿಲಿಕ್ ಲಿಪಿ ನೋಡಿ ಗಾಬರಿಯಾಗಬೇಡಿ. ಬಲ್ಗೇರಿಯನ್ ಭಾಷೆಗೆ 30 ಅಕ್ಷರ. 49 ಕಲಿತ ಕನ್ನಡದ ಮಕ್ಕಳಿಗೆ ಅದೊಂದು ಲೆಕ್ಕವೇ? ಇಂಗ್ಲಿಷಿನ 'ಪಿ' ಥರ ಕಾಣುವುದು 'ರ', 'ಎಚ್' ಥರ ಕಾಣುವುದು 'ನ', 'ಬಿ' ಥರದ್ದು 'ವ', 'ಸಿ' ಥರದ್ದು 'ಸ'. ಈ ನಾಲ್ಕು ಹಿಡಿದರೆ ಅರ್ಧ ದಾರಿ ಬಂದಂತೆ. ಉಳಿದದ್ದು ಅಂಗಡಿ ಬೋರ್ಡುಗಳನ್ನು ಓದುತ್ತಾ ನಡೆದರೆ ತಾನಾಗಿ ಬರುತ್ತದೆ. ನಡೆದರೆ ಮಾತ್ರ!

ನಡೆಯುವಾಗ ನೆಲ ನೋಡಿ. ಫುಟ್‌ಪಾತಿನ ಹಾಸುಗಲ್ಲು ಅಲ್ಲಲ್ಲಿ ಸಡಿಲ, ಮಳೆ ಬಂದಾಗ ಮೆಟ್ಟಿದರೆ ಮೊಣಕಾಲವರೆಗೂ ಕೆಸರು. ಅಲೆಕ್ಸಾಂಡರ್ ನೆವ್ಸ್ಕಿ ಚರ್ಚಿನ ಸುತ್ತ ಹಳದಿ ಇಟ್ಟಿಗೆಯ ರಸ್ತೆಗಳಿವೆ, ಚೆಂದ, ಆದರೆ ಒದ್ದೆಯಾದರೆ ಜಾರುತ್ತವೆ. ಕೆಲವು ಕಡೆ ಅಂಗಡಿ ನೆಲಮಾಳಿಗೆಯಲ್ಲಿರುತ್ತದೆ, ಕಿಟಕಿ ನಿಮ್ಮ ಮೊಣಕಾಲಿನ ಮಟ್ಟಕ್ಕೆ. ಕುಕ್ಕರಗಾಲಲ್ಲಿ ಕೂತು ಬಿಸ್ಕತ್ತು, ನೀರು ಕೊಳ್ಳಬೇಕು. ಅಂಥ ಅಂಗಡಿಗಳು ಕಡಿಮೆಯಾಗುತ್ತಿವೆ, ಒಮ್ಮೆಯಾದರೂ ಕೂತು ಕೊಳ್ಳಿ.

ದುಡ್ಡು. 2026ರ ಜನವರಿ 1ರಿಂದ ಅಲ್ಲಿ ಯೂರೋ. ಹಳೆಯ ಲೆವ್ ನೋಟನ್ನು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಕೈ ಮುಗಿದು ಮುಂದೆ ಹೋಗಿ.

ಊಟದ ಚಿಂತೆ ಅಮ್ಮಂದಿರದು, ಗೊತ್ತು. ಬಲ್ಗೇರಿಯಾ ಮೊಸರಿನ ದೇಶ. ಮೊಸರು ಮಾಡುವ ಬ್ಯಾಕ್ಟೀರಿಯಾವನ್ನು 1905ರಲ್ಲಿ ಗುರುತಿಸಿದ ಸ್ತಾಮೆನ್ ಗ್ರಿಗೊರೊವ್ ಆ ದೇಶದವರೇ. ಅವರೂ ಮೆಡಿಕಲ್ ವಿದ್ಯಾರ್ಥಿಯಾಗಿದ್ದವರು, ನೆನಪಿರಲಿ. ಯಾವ ಅಂಗಡಿಗೆ ಹೋದರೂ ಗಟ್ಟಿ ಮೊಸರು ಸಿಗುತ್ತದೆ, ಅಕ್ಕಿಯೂ ಸಿಗುತ್ತದೆ. ಒಗ್ಗರಣೆಗೆ ಸಾಸಿವೆ, ಇಂಗು ಮಾತ್ರ ಕಳಿಸಿ. ಚಟ್ನಿಪುಡಿ ಒಂದು ಪೊಟ್ಟಣ ಸಾಕು, ಐದಲ್ಲ.

ವಾಸದ ಪರವಾನಗಿಯ ಕಾಗದಪತ್ರ ಕಾಲೇಜಿನವರು ಹೇಳಿದ ದಿನವೇ ಮುಗಿಸಿ. ಅದರ ಬಗ್ಗೆ ಇನ್ನೂ ಹೇಳಬೇಕಿತ್ತು, ಸಮಯವಿಲ್ಲ.

ಕೊನೆಯದಾಗಿ ಅಪ್ಪಂದಿರಿಗೆ. ಚಳಿಗಾಲದಲ್ಲಿ ಸೋಫಿಯಾ ನಮಗಿಂತ ಮೂರೂವರೆ ಗಂಟೆ ಹಿಂದೆ. ನೀವು ವಾಕಿಂಗ್ ಮುಗಿಸಿ ಬೆಳಗ್ಗೆ 7ಕ್ಕೆ ಫೋನ್ ಮಾಡಿದರೆ ಅಲ್ಲಿ ನಡುರಾತ್ರಿ ಮೂರೂವರೆ. ಮಗು ನಿದ್ದೆಗಣ್ಣಲ್ಲಿ ಫೋನ್ ಎತ್ತಿ ಎಲ್ಲ ಚೆನ್ನಾಗಿದೆ ಅನ್ನುತ್ತದೆ, ನೀವು ನಂಬುತ್ತೀರಿ. ನಮ್ಮ ರಾತ್ರಿ 9ಕ್ಕೆ ಮಾಡಿ. 'ಊಟ ಆಯ್ತಾ' ಅಂತ ಕೇಳುವ ಮೊದಲು 'ಇವತ್ತು ಎಲ್ಲಿಗೆ ನಡೆದೆ' ಅಂತ ಕೇಳಿ. ನಮಸ್ಕಾರ.