ಸಾಹೇಬರಿಗೆ ಶಾಲು, ನಮಗೆ ಎನ್‌ಸಿ

ಮೊಬೈಲ್ ಎಗರಿಸಿದರು ಅಂತ ಮುಂಬೈಯಲ್ಲಿ ಠಾಣೆಗೆ ಹೋದವರಿಗೆ ಈ ಮಾತು ಗೊತ್ತಿರುತ್ತದೆ: ‘ಚೋರಿ ಅಂತ ಯಾಕೆ, ಕಳೆದುಹೋಯ್ತು ಅಂತ ಬರ್ಕೊಡಿ, ಸಿಮ್ ತಗೊಳ್ಳೋಕೆ ಅಷ್ಟು ಸಾಕು.’ ಯಾರಾದರೂ ಕೈ ಮಾಡಿದರು ಅಂತ ಹೋದರೆ ಒಂದು ಎನ್‌ಸಿ. ಎನ್‌ಸಿ ಅಂದರೆ ನಾನ್-ಕಾಗ್ನಿಜಬಲ್, ಸಣ್ಣ ಅಪರಾಧ ಅಂತ ಬರೆದುಕೊಳ್ಳುವ ದೂರು; ಅದರಲ್ಲಿ ಮ್ಯಾಜಿಸ್ಟ್ರೇಟ್ ಆದೇಶ ಇಲ್ಲದೆ ಪೊಲೀಸರು ತನಿಖೆಯನ್ನೇ ಮಾಡುವ ಹಾಗಿಲ್ಲ. ಕಳ್ಳತನದಂಥ ಅಪರಾಧದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ, ಲಲಿತಾ ಕುಮಾರಿ ಪ್ರಕರಣದಲ್ಲಿ, ಹೇಳಿ ಆಗಿದೆ.

ಹವಾಲ್ದಾರರನ್ನು ಬೈಯುವುದು ಸುಲಭ. ಆದರೆ ಅವರ ಎಂಟು ಗಂಟೆ ಡ್ಯೂಟಿ ಅನ್ನುವುದು 2016ರಲ್ಲಿ ದೇವನಾರ್ ಠಾಣೆಯಲ್ಲಿ ಪ್ರಯೋಗ ಅಂತ ಶುರುವಾಗಬೇಕಾಯಿತು! ಅಲ್ಲಿಯವರೆಗೆ ಹನ್ನೆರಡು ಗಂಟೆ ಮಾಮೂಲು. ಗಣಪತಿ ಹಬ್ಬ ಬಂದರೆ ಆ ಮಿತಿಯೂ ಇಲ್ಲ. ಆ ಮನುಷ್ಯ ರಿಜಿಸ್ಟರ್‌ನಲ್ಲಿ ಕಳ್ಳತನ ಜಾಸ್ತಿ ತೋರಿಸಿದರೆ ಠಾಣೆಯ ಮುಖ್ಯಸ್ಥ ಸೀನಿಯರ್ ಪಿಐಗೆ (ಪೊಲೀಸ್ ಇನ್‌ಸ್ಪೆಕ್ಟರ್) ಮೇಲಿನಿಂದ ಪ್ರಶ್ನೆ. ಆ ಪಿಐ ಕುರ್ಚಿಯೋ, ಯಾವಾಗ ಬದ್ಲಿ, ಅಂದರೆ ವರ್ಗಾವಣೆ, ಆಗುತ್ತದೋ ಗೊತ್ತಿಲ್ಲ.

ಇಡೀ ರೋಗ ಇರುವುದು ಈ ಬದ್ಲಿಯಲ್ಲಿ ಅಂತ ನನ್ನ ವಾದ. ಬದ್ಲಿ ಮಾಡಿಸುವ ಶಕ್ತಿ ಯಾರ ಕೈಯಲ್ಲಿ ಉಂಟೋ ಅಧಿಕಾರಿ ಅವರ ಮಾತು ಕೇಳುತ್ತಾನೆ, ದೂರು ಹಿಡಿದುಕೊಂಡು ನಿಂತ ನಿಮ್ಮದಲ್ಲ. 2006ರ ಸೆಪ್ಟೆಂಬರ್‌ನಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಠಾಣಾಧಿಕಾರಿಗೂ ಕುರ್ಚಿಯಲ್ಲಿ ಕನಿಷ್ಠ ಎರಡು ವರ್ಷ ಕೊಡಿ ಎಂದಿತು. ಮಹಾರಾಷ್ಟ್ರ 2014ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಎರಡು ವರ್ಷ ಅಂತ ಬರೆಯಿತು. ಜೊತೆಗೇ ಒಂದು ಹಿಂಬಾಗಿಲನ್ನೂ ಇಟ್ಟಿತು: ಸಾರ್ವಜನಿಕ ಹಿತ, ಆಡಳಿತದ ತುರ್ತು ಅಂದರೆ ಮಧ್ಯದಲ್ಲೇ ಎತ್ತಬಹುದು. 2020ರ ಫೆಬ್ರವರಿಯಿಂದ 2022ರ ಜೂನ್‌ವರೆಗೆ ಮುಂಬೈಗೆ ಮೂವರು ಕಮಿಷನರ್‌ಗಳು. ಒಬ್ಬರು ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ಬಂದು ಕೂತವರು. ಕಮಿಷನರ್ ಗತಿಯೇ ಹೀಗಾದರೆ ಪಿಐ ಯಾವ ಲೆಕ್ಕ?

ಆ ಮೂವರಲ್ಲಿ ಮೊದಲನೆಯವರು ಪರಮ್ ಬೀರ್ ಸಿಂಗ್. 2021ರ ಮಾರ್ಚ್‌ನಲ್ಲಿ ಕುರ್ಚಿ ಹೋದ ಮೇಲೆ ಮುಖ್ಯಮಂತ್ರಿಗೆ ಪತ್ರ ಬರೆದರು: ಗೃಹ ಸಚಿವ ಅನಿಲ್ ದೇಶ್‌ಮುಖ್ ತಿಂಗಳಿಗೆ 100 ಕೋಟಿ ವಸೂಲಿಗೆ ಹೇಳಿದ್ದಾರೆ, ಅದರಲ್ಲಿ ಒಂದು ಪಾಲು ನಗರದ 1,750 ಬಾರು, ರೆಸ್ಟೋರೆಂಟುಗಳಿಂದ ಎರಡು ಮೂರು ಲಕ್ಷದಂತೆ ಎತ್ತುವ ಲೆಕ್ಕ ಅಂತ. ದೇಶ್‌ಮುಖ್ ಅಲ್ಲಗಳೆದರು, ರಾಜೀನಾಮೆ ಕೊಟ್ಟರು, ಜೈಲಿಗೂ ಹೋಗಿ ಜಾಮೀನಿನ ಮೇಲೆ ಬಂದರು. ಆರೋಪ ಆರೋಪವೇ. ನನ್ನನ್ನು ಕಾಡುವುದು ಬೇರೆ: ಕುರ್ಚಿಯಲ್ಲಿದ್ದಾಗ ಈ ಪತ್ರ ಯಾಕೆ ಹೊರಬರಲಿಲ್ಲ?

ಮತ್ತೆ ಆ ಬಾರು, ರೆಸ್ಟೋರೆಂಟುಗಳು. ಅವುಗಳ ಗಲ್ಲಾದಲ್ಲಿ ಕೂತವರಲ್ಲಿ ನಮ್ಮ ಉಡುಪಿ, ಮಂಗಳೂರು ಕಡೆಯವರು ಎಷ್ಟು ಅಂತ ನಾನು ಹೇಳಬೇಕಾ? ಇಷ್ಟು ದೊಡ್ಡ ಸುದ್ದಿ ಬಂದಾಗ ನಮ್ಮವರು ಪೇಪರ್ ಮಡಚಿಟ್ಟು ಬಿಲ್ ಹರಿದರು. ಹಫ್ತಾ ನಮಗೆ ಗ್ಯಾಸ್, ಕರೆಂಟಿನ ಹಾಗೆ ಒಂದು ಖರ್ಚು. ಅದರ ಮೇಲೆ ‘ಸಾಹೇಬರ ಪರಿಚಯ ಉಂಟು ಮಾರಾಯ, ಒಂದು ಫೋನು ಸಾಕು’ ಅನ್ನುವ ಗತ್ತು ಬೇರೆ. ಆ ಸಾಹೇಬರಿಗೆ ಬದ್ಲಿಯಾದರೆ ಹೊಸ ಸಾಹೇಬರು, ಹೊಸ ಪರಿಚಯ, ಹೊಸ ರೇಟು. ಇದಕ್ಕೆ ಪೊಲೀಸರ ಮೇಲಿನ ವಿಶ್ವಾಸ ಅಂತ ಹೆಸರು ಕೊಡಬೇಡಿ. ಫೋನು ಮಾಡಲು ಯಾರೂ ಇಲ್ಲದ ಹೋಟೆಲ್ ಹುಡುಗ, ಮೊನ್ನೆ ಮೊನ್ನೆ ಬಿಜಾಪುರದಿಂದ ಬಂದವನು, ಠಾಣೆಯ ಮೆಟ್ಟಿಲು ಹತ್ತಲು ಹೆದರದಿದ್ದರೆ ಆಗ ಮಾತಾಡೋಣ.

ಪೊಲೀಸರ ಮೇಲೆಯೇ ದೂರು ಕೊಡಲು ಪೊಲೀಸ್ ದೂರು ಪ್ರಾಧಿಕಾರವೂ ಉಂಟು, 2006ರ ಅದೇ ಪ್ರಕಾಶ್ ಸಿಂಗ್ ತೀರ್ಪಿನ ಕೂಸು. ನಮ್ಮ ಎಷ್ಟು ಸಂಘಗಳ ನೋಟಿಸ್ ಬೋರ್ಡಿನಲ್ಲಿ ಅದರ ವಿಳಾಸ ನೋಡಿದ್ದೀರಿ?

ವಾರ್ಷಿಕೋತ್ಸವಗಳಿಗೆ ಮಾತ್ರ ಸೀನಿಯರ್ ಪಿಐ ಬೇಕು, ಶಾಸಕರು ಬೇಕು. ಪೇಟ ತೊಡಿಸಿ, ಶಾಲು ಹೊದೆಸಿ. ಆದರೆ ಶಾಸಕರು ಮೈಕ್ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿ: ಎರಡು ವರ್ಷ ತುಂಬದೆ ಎತ್ತಿದ ಪ್ರತಿ ಠಾಣಾಧಿಕಾರಿಯ ಹೆಸರು, ಎತ್ತಿದ ಕಾರಣ, ಸಹಿ ಹಾಕಿದವರು ಯಾರು ಅನ್ನುವುದನ್ನು ವಿಧಾನಸಭೆಯಲ್ಲಿ ಮಂಡಿಸಿ ಅಂತ ಕೇಳುತ್ತೀರಾ ಸಾರ್?