ಹುಲ್ಲಿನಡಿ ಉಳಿದ ಬೀಸಣಿಗೆ: ಅಮೆರಿಕದ ಡ್ರೈವ್-ಇನ್ ಥಿಯೇಟರ್‌ಗಳು ಹುಟ್ಟಿದ್ದು, ಮುಚ್ಚಿದ್ದು

ಮೇಲಿಂದ ತೆಗೆದ ಒಂದು ಚಿತ್ರ ಕಲ್ಪಿಸಿಕೊಳ್ಳಿ. ಅಮೆರಿಕದ ಒಂದು ಊರಿನ ಅಂಚು, ಹುಲ್ಲು ಬೆಳೆದ ಖಾಲಿ ಬಯಲು. ಅದರ ಮೈಮೇಲೆ ಬೀಸಣಿಗೆ ಬಿಚ್ಚಿಟ್ಟ ಹಾಗೆ ಸಾಲುಸಾಲು ಕಮಾನು ಗೆರೆಗಳು. ಇದು ಉಳುಮೆಯ ಸಾಲಲ್ಲ. ಜನ ಕಾರು ನಿಲ್ಲಿಸಿ, ಕಾರಲ್ಲೇ ಕೂತು ಸಿನಿಮಾ ನೋಡ್ತಿದ್ದ ಡ್ರೈವ್-ಇನ್ ಥಿಯೇಟರಿನ ದಿಬ್ಬಗಳು ಇವು. ಪರದೆ ಉರುಳಿ, ಟಿಕೆಟ್ ಗೂಡು ಕಿತ್ತುಹೋಗಿ ಎಷ್ಟೋ ವರ್ಷ ಆದ್ರೂ ಮಣ್ಣು ಆ ಆಕಾರ ಬಿಟ್ಟಿಲ್ಲ. ಕಮಾನುಗಳ ಕೇಂದ್ರ ಯಾವ ಕಡೆಗಿದೆಯೋ ಆ ಕಡೆ ಪರದೆ ಇತ್ತು. ನಡುವೆ ಒಂದು ಸಿಮೆಂಟ್ ಕಟ್ಟೆ ಕಾಣ್ತಿದ್ರೆ, ಅಲ್ಲಿ ಪ್ರೊಜೆಕ್ಟರ್ ರೂಮು ಮತ್ತು ತಿಂಡಿ ಅಂಗಡಿ ಇತ್ತು ಅಂತ ಲೆಕ್ಕ.

ಈ ದಿಬ್ಬವೇ ಡ್ರೈವ್-ಇನ್‌ನ ಜೀವಾಳ. ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿದ್ರೆ ಎರಡನೇ ಸಾಲಿನವರಿಗೆ ಮುಂದಿನ ಕಾರಿನ ಬೆನ್ನು ಬಿಟ್ಟು ಬೇರೇನೂ ಕಾಣಲ್ಲ. ಮುಂದಿನ ಎರಡು ಚಕ್ರ ದಿಬ್ಬದ ಮೇಲೆ ಹತ್ತಿದ್ರೆ ಕಾರಿನ ಮೂತಿ ಮೇಲೇಳುತ್ತೆ, ಕೂತವರ ನೋಟ ಮುಂದಿನ ಕಾರಿನ ಟಾಪಿನ ಮೇಲಿಂದ ಹಾದು ಪರದೆ ಮುಟ್ಟುತ್ತೆ. ಪರದೆಗೆ ಹತ್ತಿರದ ಸಾಲುಗಳಿಗೆ ಹೆಚ್ಚು ಏರು ಬೇಕು, ಹಿಂದೆ ಹೋದಂತೆ ಕಡಿಮೆ ಸಾಕು. ಒಂದು ಸಾಲಿಂದ ಇನ್ನೊಂದಕ್ಕೆ ಸುಮಾರು 40 ಅಡಿ ಬಿಡ್ತಿದ್ರು. ಕಾರು ನಿಲ್ಲೋ ಜಾಗದ ಜೊತೆ ಹಿಂದೆ ಇನ್ನೊಂದು ಕಾರು ಓಡಾಡೋ ದಾರಿಯೂ ಅದರಲ್ಲೇ ಬರಬೇಕು. ಮಳೆಗೆ ಜಲ್ಲಿ ಜಾರಿ ದಿಬ್ಬ ಚಪ್ಪಟೆ ಆಯ್ತು ಅಂದ್ರೆ ಹಿಂದಿನ ಸಾಲಿನವರಿಗೆ ಪರದೆಯ ಕೆಳಭಾಗ ಮಾಯ. ಹಾಗಾಗಿ ಸೀಸನ್ ಶುರುವಾಗೋ ಮೊದಲು ಜಲ್ಲಿ ಹಾಕಿ ಮಟ್ಟ ಸರಿಮಾಡೋ ಕೆಲಸ ತಪ್ಪುತ್ತಿರಲಿಲ್ಲ.

ಇದನ್ನ ಮೊದಲು ಲೆಕ್ಕ ಹಾಕಿ ನೋಡಿದವರು ನ್ಯೂಜೆರ್ಸಿಯ ರಿಚರ್ಡ್ ಹಾಲಿಂಗ್ಸ್‌ಹೆಡ್. ಮನೆಯಂಗಳದಲ್ಲಿ ಕಾರಿನ ಬಾನೆಟ್ ಮೇಲೆ ಪ್ರೊಜೆಕ್ಟರ್ ಇಟ್ಟರು, ಮರಗಳಿಗೆ ಪರದೆ ಹೊಡೆದರು, ಪರದೆ ಹಿಂದೆ ರೇಡಿಯೋ ಇಟ್ಟು ಸದ್ದು ಎಷ್ಟು ದೂರ ಕೇಳುತ್ತೆ ಅಂತ ನೋಡಿದರು. ಮಳೆ ಬಂದ್ರೆ ಹೇಗೆ ಕಾಣುತ್ತೆ ಅಂತ ತಿಳಿಯೋಕೆ ತೋಟಕ್ಕೆ ನೀರು ಚಿಮ್ಮಿಸೋ ಸ್ಪ್ರಿಂಕ್ಲರನ್ನ ಕಾರಿನ ಗಾಜಿನ ಮೇಲೆ ಬಿಟ್ಟರು. ಮುಂದಿನ ಚಕ್ರದಡಿ ಮರದ ತುಂಡು ಇಟ್ಟು, ಎಷ್ಟು ಎತ್ತರಿಸಿದ್ರೆ ಎದುರಿನ ಕಾರು ಅಡ್ಡ ಬರಲ್ಲ ಅಂತ ಅಳೆದರು. 1933ರ ಮೇ ತಿಂಗಳಲ್ಲಿ ಪೇಟೆಂಟ್ ಸಿಕ್ಕಿತು, ಜೂನ್ 6ಕ್ಕೆ ಕ್ಯಾಮ್ಡನ್ ಹತ್ತಿರ ಮೊದಲ ಡ್ರೈವ್-ಇನ್ ಬಾಗಿಲು ತೆರೆಯಿತು. ಕಾರಿಗೆ 25 ಸೆಂಟ್, ತಲೆಗೆ 25 ಸೆಂಟ್, ಎಷ್ಟೇ ಜನ ಇದ್ರೂ ಒಂದು ಕಾರಿಗೆ 1 ಡಾಲರ್ ಮೀರಲ್ಲ. ಆ ಥಿಯೇಟರ್ ಬಹಳ ದಿನ ಬಾಳಲಿಲ್ಲ, ಕೆಲವೇ ವರ್ಷಕ್ಕೆ ಮುಚ್ಚಿತು. ಆದ್ರೆ ಮರುವರ್ಷ, 1934ರಲ್ಲಿ, ಪೆನ್ಸಿಲ್ವೇನಿಯಾದ ಓರ್‌ಫೀಲ್ಡ್‌ನಲ್ಲಿ ಶುರುವಾದ ಶ್ಯಾಂಕ್‌ವೈಲರ್ಸ್ ಎಲ್ಲಾ ಕಾಲ ದಾಟಿ ಉಳಿದುಕೊಂಡಿತು.

ಪೇಟೆಂಟ್ ಜಗಳ ಮಾತ್ರ ವರ್ಷಗಟ್ಟಲೆ ನಡೀತು. ಥಿಯೇಟರ್ ಒಳಗೆ ಸೀಟುಗಳನ್ನ ಕಮಾನಾಗಿ, ಇಳಿಜಾರಾಗಿ ಜೋಡಿಸೋದು ಹಳೇ ಪದ್ಧತಿ, ಅದನ್ನೇ ಕಾರಿಗೆ ಹೊಂದಿಸಿದ್ರೆ ಆವಿಷ್ಕಾರ ಆಗಲ್ಲ ಅನ್ನೋ ಅರ್ಥದಲ್ಲಿ 1949ರಲ್ಲಿ ಮೇಲ್ಮನವಿ ಕೋರ್ಟು ಪೇಟೆಂಟನ್ನ ಅಸಿಂಧು ಮಾಡಿತು. ಅಲ್ಲಿಗೆ ಬೇರೆ ಡ್ರೈವ್-ಇನ್ ಮಾಲೀಕರು ರಾಯಲ್ಟಿ ಕಟ್ಟೋ ಗೊಡವೆ ತಪ್ಪಿತು.

ಮೊದಲ ವರ್ಷಗಳಲ್ಲಿ ಡ್ರೈವ್-ಇನ್‌ಗಳನ್ನ ಕಾಡಿದ್ದು ಸದ್ದು. ಪರದೆ ಹತ್ತಿರ ದೊಡ್ಡ ಸ್ಪೀಕರ್ ಕಟ್ಟಿ ಬಯಲಿಗೆಲ್ಲ ಕೇಳಿಸ್ತಿದ್ರು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತೆ. ಕೊನೇ ಸಾಲು 150 ಮೀಟರ್ ದೂರ ಇದ್ರೆ ಮಾತು ತಲುಪೋದು 0.44 ಸೆಕೆಂಡ್ ತಡವಾಗಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡೋದ್ರಿಂದ ತುಟಿಗೂ ಮಾತಿಗೂ ಹತ್ತಕ್ಕಿಂತ ಹೆಚ್ಚು ಫ್ರೇಮ್ ಅಂತರ. ಬಾಗಿಲು ಬಡಿದ ಸದ್ದು ಕೇಳೋ ಹೊತ್ತಿಗೆ ಪಾತ್ರ ಕೋಣೆ ಒಳಗೆ ಬಂದು ನಿಂತಿರುತ್ತೆ. ಹಿಂದಿನವರಿಗೆ ಕೇಳಲಿ ಅಂತ ಸದ್ದು ಏರಿಸಿದ್ರೆ ಮುಂದಿನವರ ಕಿವಿ ಕಿವುಡು, ಸುತ್ತಲಿನ ಮನೆಯವರಿಂದ ದೂರು.

ಪರಿಹಾರ ಬಂದದ್ದು ಕಂಬದ ಮೇಲೆ. 1940ರ ದಶಕದ ಆರಂಭದಲ್ಲಿ ಆರ್‌ಸಿಎ ಅನ್ನೋ ಅಮೆರಿಕದ ರೇಡಿಯೋ ಕಂಪನಿ ಕಾರೊಳಗೆ ತೂಗುಹಾಕೋ ಸ್ಪೀಕರ್ ತಂದಿತು, ಯುದ್ಧ ಮುಗಿದ ಮೇಲೆ ಅದು ಎಲ್ಲಾ ಕಡೆ ಹಬ್ಬಿತು. ಎರಡು ಕಾರಿನ ನಡುವೆ ಒಂದು ಗಿಡ್ಡ ಕಂಬ, ಕಂಬಕ್ಕೆ ಜಂಕ್ಷನ್ ಬಾಕ್ಸ್, ಅದರ ಎರಡು ಬದಿಗೂ ಒಂದೊಂದು ಲೋಹದ ಸ್ಪೀಕರ್. ಕಿಟಕಿ ಗಾಜನ್ನ ಸ್ವಲ್ಪ ಇಳಿಸಿ ಅದರ ಅಂಚಿಗೆ ಸಿಕ್ಕಿಸಿ, ಗುಂಡಿ ತಿರುಗಿಸಿ ಸದ್ದು ಹೊಂದಿಸಿಕೊಂಡ್ರೆ ಆಯ್ತು. ತಂತಿಯಲ್ಲಿ ಸದ್ದು ವಿದ್ಯುತ್ತಾಗಿ ಹರಿಯೋದ್ರಿಂದ ಮೊದಲ ಸಾಲಿಗೂ ಕೊನೇ ಸಾಲಿಗೂ ಒಂದೇ ಹೊತ್ತಿಗೆ ಮಾತು. ಇದು ನಿಜಕ್ಕೂ ಅಚ್ಚುಕಟ್ಟಾದ ಕೆಲಸ. ಆದ್ರೆ ಐನೂರು ಕಾರಿಗೆ ಐನೂರು ಸ್ಪೀಕರ್! ಮಳೆ ನೀರು ಒಳಗಿಳಿದ್ರೆ ಕಾಗದದ ಕೋನ್ ಮೆತ್ತಗಾಗಿ ಗೊರಗೊರ ಸದ್ದು. ನೆಲದಡಿ ಹೂತ ತಂತಿಯ ಸಿಪ್ಪೆ ಸವೆದು ಶಾರ್ಟ್ ಆದ್ರೆ ಒಂದಿಡೀ ಸಾಲು ಮೂಕ. ಸಿನಿಮಾ ಮುಗಿದ ಗಡಿಬಿಡಿಯಲ್ಲಿ ಸ್ಪೀಕರ್ ತೆಗೆಯೋದು ಮರೆತು ಕಾರು ಎಳೆದವರಂತೂ ಲೆಕ್ಕವಿಲ್ಲ. ತಂತಿ ಕಿತ್ತು ಬರುತ್ತೆ, ಇಲ್ಲಾ ಕಿಟಕಿ ಗಾಜು ಒಡೆಯುತ್ತೆ. ಬೆಳಗಾದ್ರೆ ರಿಪೇರಿ ಕೆಲಸ. ಈ ಕಾಟಕ್ಕೇ ಆಮೇಲೆ ಕಾರಿನ ರೇಡಿಯೋಗೆ ಸದ್ದು ಕಳಿಸೋ ಪದ್ಧತಿ ಬಂತು, ಮೊದಲು ಎಎಂ, ಆಮೇಲೆ ಎಫ್‌ಎಂ.

ಯುದ್ಧದ ನಂತರದ ಹತ್ತು ಹನ್ನೆರಡು ವರ್ಷ ಡ್ರೈವ್-ಇನ್‌ನ ಸುಗ್ಗಿ. ಮನೆಮನೆಗೂ ಕಾರು, ಕೈತುಂಬ ಮಕ್ಕಳು, ಊರಾಚೆ ಅಗ್ಗದ ಜಮೀನು. ಮಕ್ಕಳನ್ನ ಮಲಗೋ ಬಟ್ಟೆಯಲ್ಲೇ ಕರೆತರಬಹುದಿತ್ತು, ಪರದೆ ಕೆಳಗೇ ಜೋಕಾಲಿ, ಜಾರುಬಂಡೆ. 1958ರ ಹೊತ್ತಿಗೆ ದೇಶದಲ್ಲಿ ಡ್ರೈವ್-ಇನ್‌ಗಳ ಸಂಖ್ಯೆ 4,000 ದಾಟಿತ್ತು. ಅದೇ ಕಾಲಕ್ಕೆ ಊರೊಳಗಿನ ಹಳೇ ಥಿಯೇಟರ್‌ಗಳು ಟಿವಿ ಹೊಡೆತಕ್ಕೆ ಒಂದೊಂದಾಗಿ ಬಾಗಿಲು ಹಾಕ್ತಿದ್ವು.

ಬೆಳಕಿನ ಲೆಕ್ಕ ಮಾತ್ರ ಡ್ರೈವ್-ಇನ್‌ಗೆ ಯಾವತ್ತೂ ಪೂರ್ತಿ ಒಲಿಯಲಿಲ್ಲ. 100 ಅಡಿ ಅಗಲ, 42 ಅಡಿ ಎತ್ತರದ ಪರದೆ ಅಂದ್ರೆ 4,200 ಚದರ ಅಡಿ. ಥಿಯೇಟರ್ ಒಳಗೆ ಡಿಜಿಟಲ್ ಚಿತ್ರಕ್ಕೆ ಪಾಲಿಸೋ ಮಟ್ಟ 14 ಫುಟ್-ಲ್ಯಾಂಬರ್ಟ್ (ಪರದೆ ಎಷ್ಟು ಹೊಳೆಯುತ್ತೆ ಅಂತ ಅಳೆಯೋ ಮಾನ). ಸಾದಾ ಬಿಳಿ ಪರದೆಯಲ್ಲಿ ಅಷ್ಟು ಬೇಕಂದ್ರೆ 58,800 ಲ್ಯೂಮೆನ್ ಬೆಳಕು ಪರದೆ ಮೇಲೆ ಬೀಳಬೇಕು. ಝೆನಾನ್ ಅನಿಲದ ದೀಪ ಇರೋ ದೊಡ್ಡ ಪ್ರೊಜೆಕ್ಟರ್ ಕೊಡೋದು ಸುಮಾರು 30,000. ಅಂದ್ರೆ ಹೊಸ ಯಂತ್ರದಲ್ಲೂ ಅರ್ಧ ಬೆಳಕಷ್ಟೇ. ಕಾರ್ಬನ್ ಆರ್ಕ್ ಕಾಲದಲ್ಲಿ ಎರಡು ಕಾರ್ಬನ್ ಕಡ್ಡಿಗಳ ನಡುವೆ ಕಿಡಿ ಉರಿಸಿ ಬೆಳಕು ತೆಗೀತಿದ್ರು. ಕಡ್ಡಿ ಸವೆದಂತೆ ನಡುವಿನ ಅಂತರ ಹೊಂದಿಸ್ತಾ ಇರಬೇಕು. ಅಂತರ ತಪ್ಪಿದ್ರೆ ಪರದೆ ಮಂಕಾಗುತ್ತೆ, ಬಣ್ಣ ಬದಲಾಗುತ್ತೆ. ಬೆಳಕು ಹೆಚ್ಚಲಿ ಅಂತ ಕರೆಂಟ್ ಏರಿಸಿದ್ರೆ ಗೇಟಿನಲ್ಲಿ, ಅಂದ್ರೆ ಫಿಲ್ಮ್ ಬೆಳಕಿನೆದುರು ಹಾಯೋ ಕಿಂಡಿಯಲ್ಲಿ, ಬಿಸಿಗೆ ಫಿಲ್ಮ್ ಉಬ್ಬಿ ಫೋಕಸ್ ಕೆಡುತ್ತೆ. 2,000 ಅಡಿಯ ರೀಲು ನಿಮಿಷಕ್ಕೆ 90 ಅಡಿ ಓಡಿ 22 ನಿಮಿಷಕ್ಕೆ ಮುಗಿಯುತ್ತೆ, ಅಷ್ಟರಲ್ಲಿ ಆಪರೇಟರ್ ಎರಡನೇ ಪ್ರೊಜೆಕ್ಟರ್ ಸಜ್ಜು ಮಾಡಿರಬೇಕು. ಪರದೆಯ ಬಲ ಮೇಲ್ಮೂಲೆಯಲ್ಲಿ ಚುಕ್ಕೆ ಮಿಂಚಿದ ತಕ್ಷಣ ಮೋಟಾರ್ ಆನ್, ಸುಮಾರು ಏಳು ಸೆಕೆಂಡ್ ಬಿಟ್ಟು ಇನ್ನೊಂದು ಚುಕ್ಕೆ ಬಂದಾಗ ಬದಲಾವಣೆ. ನೋಡೋರಿಗೆ ಗೊತ್ತೇ ಆಗಬಾರದು.

ಇಷ್ಟು ಕಡಿಮೆ ಬೆಳಕಲ್ಲಿ ಚಿತ್ರ ಕಾಣಬೇಕಂದ್ರೆ ಗಾಢ ಕತ್ತಲೆ ಬೇಕೇ ಬೇಕು. ಅದಕ್ಕೇ ಪರದೆಯ ಮುಖ ಪೂರ್ವಕ್ಕೋ ಉತ್ತರಕ್ಕೋ ಇರೋ ಹಾಗೆ ಕಟ್ಟೋದು ವಾಡಿಕೆ, ಸಂಜೆ ಬಿಸಿಲು ನೇರ ಬೀಳದ ಹಾಗೆ. 1966ರ ಸಮಯ ಕಾಯ್ದೆಯ ಪ್ರಕಾರ ಮರುವರ್ಷದಿಂದ ಬಹುತೇಕ ಇಡೀ ದೇಶ ಬೇಸಿಗೆಯಲ್ಲಿ ಗಡಿಯಾರವನ್ನ ಒಂದು ಗಂಟೆ ಮುಂದೆ ಇಡೋಕೆ ಶುರುಮಾಡಿತು. ಎಂಟಕ್ಕೆ ಶುರುವಾಗ್ತಿದ್ದ ಸಿನಿಮಾ ಒಂಬತ್ತಕ್ಕೆ ಹೋಯ್ತು. ಎರಡು ಸಿನಿಮಾ ತೋರಿಸೋ ಪದ್ಧತಿ ಇದ್ದದ್ದರಿಂದ ಮುಗಿಯೋದು ನಡುರಾತ್ರಿ ದಾಟಿದ ಮೇಲೆ. ಮಾರನೇ ದಿನ ಕೆಲಸಕ್ಕೆ ಹೋಗೋರು, ಮಕ್ಕಳಿರೋರು ವಾರದ ದಿನ ಬರೋದು ಕಡಿಮೆ ಮಾಡಿದರು. ಟಿಕೆಟ್ ದುಡ್ಡಲ್ಲಿ ದೊಡ್ಡ ಪಾಲು ವಿತರಕರಿಗೇ ಹೋಗೋದು, ಮಾಲೀಕರ ಲಾಭ ಇರೋದು ತಿಂಡಿ ಅಂಗಡಿಯಲ್ಲಿ. ಕುಟುಂಬಗಳು ಬರದಿದ್ರೆ ಬೀಳೋ ಪೆಟ್ಟು ಅಲ್ಲಿಗೇ.

ಆದ್ರೂ ಡ್ರೈವ್-ಇನ್‌ಗಳನ್ನ ಕೊಂದದ್ದರಲ್ಲಿ ಮೊದಲ ಹೆಸರು ಜಮೀನಿನದ್ದೇ. ಸಾಲಿಗೆ 40 ಅಡಿ, ಕಾರಿಗೆ 9 ಅಡಿ ಅಗಲ ಇಟ್ಟರೆ ಒಂದು ಕಾರಿಗೆ 360 ಚದರ ಅಡಿ. ಕಾರಲ್ಲಿ ಮೂವರಿದ್ರೆ ತಲೆಗೆ 120. ಕಟ್ಟಡದ ಒಳಗಿನ ಒಂದು ಸೀಟಿಗೆ ಓಡಾಡೋ ದಾರಿ ಸೇರಿಸಿದ್ರೂ ಇದರ ಹತ್ತರಲ್ಲೊಂದು ಪಾಲು ಸಾಕು. ಅದೂ ದಿನಕ್ಕೆ ನಾಲ್ಕೈದು ಆಟ, ವರ್ಷವಿಡೀ. ಇಲ್ಲಿ ರಾತ್ರಿಗೆ ಒಂದೇ ಸರದಿ, ಚಳಿ ನಾಡಲ್ಲಿ ಅರ್ಧ ವರ್ಷ ಬೀಗ. ಕಟ್ಟುವಾಗ ಊರಾಚೆ ಇದ್ದ ಹೊಲದ ಸುತ್ತ ಮನೆಗಳು ಬಂದ್ವು, ಹೆದ್ದಾರಿ ಬಂತು, ಮಾಲ್ ಕಟ್ಟೋರು ಬಂದು ಬೆಲೆ ಕೇಳಿದರು. ಎಷ್ಟೋ ಕಡೆ ಥಿಯೇಟರ್ ನಷ್ಟದಿಂದ ಮುಚ್ಚಲಿಲ್ಲ. ನೆಲದ ಬೆಲೆ ಅದರ ಆದಾಯವನ್ನ ಮೀರಿತು, ಅಷ್ಟೇ. ಜೊತೆಗೆ ರೀಲುಗಳನ್ನೆಲ್ಲ ಒಂದೇ ಉದ್ದಕ್ಕೆ ಅಂಟಿಸಿ ಅಡ್ಡ ತಟ್ಟೆಯ ಮೇಲೆ ಸುತ್ತೋ ಪ್ಲ್ಯಾಟರ್ ಬಂದು, ಒಬ್ಬನೇ ಆಪರೇಟರ್ ಹಲವು ಪರದೆ ನೋಡಿಕೊಳ್ಳುವಂತಾಯ್ತು, ಮಲ್ಟಿಪ್ಲೆಕ್ಸ್‌ಗಳು ಹೆಚ್ಚಿದ್ವು. ಹೊಸ ಸಿನಿಮಾ ದಿನಕ್ಕೆ ಹೆಚ್ಚು ಆಟ ಆಡಿಸೋರಿಗೇ ಮೊದಲು ಸಿಗೋದು. 1980ರ ದಶಕದ ವಿಡಿಯೋ ಕ್ಯಾಸೆಟ್ ಉಳಿದವರನ್ನೂ ಕಂಗೆಡಿಸಿತು.

2013ರ ಸುಮಾರಿಗೆ ಸ್ಟುಡಿಯೋಗಳು ಫಿಲ್ಮ್ ಪ್ರಿಂಟ್ ಕೊಡೋದು ನಿಲ್ಲಿಸ್ತಾ ಬಂದಾಗ ಇನ್ನೊಂದು ಸುತ್ತು. ಒಂದು ಪರದೆಗೆ ಡಿಜಿಟಲ್ ಪ್ರೊಜೆಕ್ಟರ್ ಅಂದ್ರೆ 70,000 ಡಾಲರ್ ಆಸುಪಾಸು. ಯಂತ್ರ ತಂದಿಟ್ಟರೆ ಮುಗೀಲಿಲ್ಲ. ಜಲ್ಲಿ ಬಯಲಿನ ನಡುವಿನ ರೂಮಿಗೆ ಧೂಳು ನುಗ್ಗದ ಹಾಗೆ ಫಿಲ್ಟರ್, ಏಸಿ ಬೇಕು. ಸಿನಿಮಾ ಬರೋದು ಬೀಗ ಹಾಕಿದ ಹಾರ್ಡ್ ಡಿಸ್ಕಿನಲ್ಲಿ. ಅದನ್ನ ತೆರೆಯೋ ಡಿಜಿಟಲ್ ಕೀ ಆ ಒಂದು ಯಂತ್ರಕ್ಕೆ, ನಿಗದಿ ದಿನಗಳಿಗೆ ಮಾತ್ರ ನಡೆಯುತ್ತೆ. ಕೀ ತಪ್ಪಿದ್ರೆ ಬಯಲು ತುಂಬ ಕಾರು ನಿಂತಿದ್ರೂ ಪರದೆ ಕತ್ತಲೆ.

ಈಗ ದೇಶದಲ್ಲಿ ಉಳಿದಿರೋದು ಸುಮಾರು 300. ಹಲವು ಕಡೆ ಹಗಲು ಹೊತ್ತು ಅದೇ ಬಯಲಲ್ಲಿ ಹಳೇ ಸಾಮಾನಿನ ಸಂತೆ ನಡೆಯುತ್ತೆ, ಆ ಬಾಡಿಗೆಯೂ ಥಿಯೇಟರ್ ನಡೆಸೋಕೆ ಆಸರೆ. 2020ರಲ್ಲಿ ಕಟ್ಟಡದ ಥಿಯೇಟರ್‌ಗಳಿಗೆ ಬೀಗ ಬಿದ್ದಾಗ ಜನ ಮತ್ತೆ ಈ ದಿಬ್ಬಗಳಿಗೆ ಬಂದರು, ಜೊತೆಗೆ ಹೊಸ ಕಾರಿನ ತೊಂದರೆಗಳನ್ನೂ ತಂದರು. ಎಂಜಿನ್ ಆರಿಸಿ ನಾಲ್ಕು ಗಂಟೆ ರೇಡಿಯೋ ಹಾಕಿದ್ರೆ ಹಳೇ ಬ್ಯಾಟರಿ ಕೂತುಬಿಡುತ್ತೆ, ಅದಕ್ಕೇ ಜಂಪ್ ಸ್ಟಾರ್ಟ್ ಪೆಟ್ಟಿಗೆ ಇಟ್ಟುಕೊಂಡಿರೋ ಥಿಯೇಟರ್‌ಗಳಿವೆ. ತಾನಾಗೇ ಹತ್ತಿಕೊಳ್ಳೋ ಹೆಡ್‌ಲೈಟು ಇನ್ನೊಂದು ಕಾಟ. ಹಲವು ಕಾರುಗಳಲ್ಲಿ ಎಂಜಿನ್ ಶುರು ಮಾಡೋ ಮೊದಲೇ ಹ್ಯಾಂಡ್‌ಬ್ರೇಕ್ ಎಳೆದಿದ್ರೆ ಅದು ಹತ್ತಲ್ಲ. ಅದಕ್ಕೂ ಆರದಿದ್ರೆ ದೀಪದ ಮೇಲೆ ದಪ್ಪ ಬಟ್ಟೆ ಹೊದಿಸಿ, ಚಕ್ರ ದಿಬ್ಬಕ್ಕೆ ಹತ್ತಿಸಿ ನಿಲ್ಲಿಸಬೇಕು.